ಕೊಟ್ಟಿಗೆಯಿಂದ ಒಲೆಗೆ ಹತ್ತು ಹೆಜ್ಜೆ

ಹುಬ್ಬಳ್ಳಿಯಿಂದ ಶಿರಸಿಗೆ ಹೊರಟ ಬಸ್ಸು ಮುಂಡಗೋಡ ಸಮೀಪಿಸುವವರೆಗೂ ಬಯಲುಸೀಮೆಯ ನಂಟನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಗೋವಿನಜೋಳದ ಹೊಲ, ಭತ್ತದ ಗದ್ದೆ, ಕೆರೆ, ಮತ್ತೆ ಹೊಲ. ಅಲ್ಲಿಂದ ಮುಂದೆ ಸಾಗುವಾನಿ, ಮತ್ತಿ, ನಂದಿ ಮರಗಳು ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬರುತ್ತವೆ. ಗಾಳಿ ತಣ್ಣಗಾಗುತ್ತದೆ. ಕಿಟಕಿಯ ಪಕ್ಕ ಕುಳಿತ ಪ್ರಯಾಣಿಕ ಶಾಲು ಹುಡುಕತೊಡಗುತ್ತಾನೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿ ಎಂದರೆ ಬಹಳ ಮಂದಿಗೆ ನೆನಪಾಗುವುದು ಮಾರಿಕಾಂಬೆಯ ಗುಡಿ, ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ, ಅಡಿಕೆ ಪೇಟೆ, ಆಚೆಗೆ ಸೋಂದಾ, ಬನವಾಸಿ, ಸಹಸ್ರಲಿಂಗ. ಈ ಪಟ್ಟಿಗೆ ಇನ್ನೊಂದು ಪ್ರೇಕ್ಷಣೀಯ ಸ್ಥಳವನ್ನು ಸೇರಿಸಬಹುದು. ಅದು ಪ್ರವಾಸಿ ಕೈಪಿಡಿಗಳಲ್ಲಿ ಸಿಗುವುದಿಲ್ಲ, ಅದಕ್ಕೆ ಟಿಕೆಟೂ ಇಲ್ಲ. ತಾಲ್ಲೂಕಿನ ಯಾವ ಹಳ್ಳಿಯ ದಾರಿ ಹಿಡಿದರೂ ಎದುರಾಗುವ ದನದ ಕೊಟ್ಟಿಗೆ ಅದು.

ಕೊಟ್ಟಿಗೆಯಲ್ಲಿ ನೋಡುವಂಥದೇನಿದೆ ಎಂದು ಪೇಟೆಯ ಮಕ್ಕಳು ಮೂಗು ಮುಚ್ಚಿಕೊಳ್ಳಬಹುದು. ಆದರೆ ಮನೆಗೆ ಬೇಕಾದ ಇಂಧನದ ಬಹುಪಾಲನ್ನು ಮನೆಯ ಅಂಗಳದಲ್ಲೇ ಪಡೆಯುವುದು ಹೇಗೆ ಎಂಬ ಪಾಠವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ನಿಂತು ನೋಡುವುದು ಸುಲಭ.

ಮೊದಲು ಊರಿನ ಸ್ವರೂಪವನ್ನು ಅರಿಯಬೇಕು. ಇಲ್ಲಿನ ಮನೆಗಳು ಬಯಲುಸೀಮೆಯಂತೆ ಒಂದಕ್ಕೊಂದು ಗೋಡೆ ತಾಗಿಸಿ ಕುಳಿತಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಅಂಚಿಗೆ ಸ್ವಲ್ಪ ಎತ್ತರದಲ್ಲಿ ಮನೆ, ಮನೆಯ ಹಿಂದೆ ಏರಿಹೋಗುವ ಸೊಪ್ಪಿನ ಬೆಟ್ಟ. ಮನೆಗೂ ತೋಟಕ್ಕೂ ನಡುವೆ, ಒಂದು ಕೂಗಳತೆಯೂ ಆಗದಷ್ಟು ಹತ್ತಿರದಲ್ಲಿ ಕೊಟ್ಟಿಗೆ. ಈ ಜೋಡಣೆ ಆಕಸ್ಮಿಕವಲ್ಲ. ಮೇಲಿನ ಬೆಟ್ಟದಿಂದ ಸೊಪ್ಪು ಕೊಟ್ಟಿಗೆಗೆ ಇಳಿಯಬೇಕು, ಕೊಟ್ಟಿಗೆಯಿಂದ ಗೊಬ್ಬರ ತೋಟಕ್ಕೆ ಇಳಿಯಬೇಕು. ತಲೆಹೊರೆಯಾದರೂ ಇಳಿಜಾರಿನಲ್ಲಿ ಹೊರುವುದು ಹಗುರ. ನೀರೂ ಹಾಗೆಯೇ. ಗುಡ್ಡದ ಮೇಲಿನ ಒರತೆಯ ನೀರನ್ನು ಸೀಳಿದ ಅಡಿಕೆ ಮರದ ದಂಬೆಗಳಲ್ಲಿ ಹರಿಸಿ ಮನೆಯಂಗಳಕ್ಕೆ ತರುತ್ತಿದ್ದ ಅಬ್ಬಿ ನೀರಿನ ವ್ಯವಸ್ಥೆಗೆ ಪಂಪೂ ಬೇಡ, ಕರೆಂಟೂ ಬೇಡ. ಈಗ ದಂಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ, ಅಷ್ಟೇ. ದನಗಳಿಗೆ ಕುಡಿಯಲು, ಕೊಟ್ಟಿಗೆ ತೊಳೆಯಲು ದಿನಕ್ಕೆ ನೂರಾರು ಲೀಟರ್ ನೀರು ಬೇಕಾಗುವ ಮನೆಯಲ್ಲಿ ಇದೇನು ಸಣ್ಣ ಉಳಿತಾಯವಲ್ಲ.

ಹಳೆಯ ಮಾದರಿಯ ಕೊಟ್ಟಿಗೆಯ ನೆಲ ಮಣ್ಣಿನದು, ಅಂಗಳಕ್ಕಿಂತ ತಗ್ಗಾದದ್ದು. ದಿನವೂ ಅದರ ಮೇಲೆ ಸೊಪ್ಪು ಹಾಸುತ್ತಾರೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಬೆಟ್ಟದಿಂದ ಗುಡಿಸಿ ತಂದ ದರಕು, ಅಂದರೆ ಒಣಗಿ ಉದುರಿದ ಎಲೆ. ದನಗಳು ಅದರ ಮೇಲೆ ಮಲಗುತ್ತವೆ, ಸಗಣಿ ಗಂಜಲ ಹಾಕುತ್ತವೆ, ತುಳಿಯುತ್ತವೆ. ಮರುದಿನ ಮತ್ತೊಂದು ಹಾಸು. ಹೀಗೆ ಪದರ ಪದರವಾಗಿ ಏರಿದ ಗೊಬ್ಬರವನ್ನು ಆಗಾಗ ತೆಗೆದು ಗುಂಡಿಗೆ ಹಾಕುತ್ತಾರೆ, ಅಲ್ಲಿಂದ ತೋಟಕ್ಕೆ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಘಟ್ಟದ ಮೇಲಿನ ತೋಟಿಗರಿಗೆ ಬ್ರಿಟಿಷರ ಕಾಲದಲ್ಲೇ ಕೊಟ್ಟದ್ದು ಈ ಗೊಬ್ಬರಕ್ಕಾಗಿಯೇ. ಕೊಟ್ಟಿಗೆ ಇಲ್ಲಿ ಹಾಲಿನ ಕಾರ್ಖಾನೆಯಾಗಿದ್ದಕ್ಕಿಂತ ಹೆಚ್ಚಾಗಿ ಗೊಬ್ಬರದ ಕಾರ್ಖಾನೆಯಾಗಿತ್ತು. ಲೀಟರ್ ಎರಡು ಲೀಟರಿಗಿಂತ ಹೆಚ್ಚು ಕರೆಯದ ಮಲೆನಾಡು ಗಿಡ್ಡವನ್ನು ಹತ್ತಾರು ಸಂಖ್ಯೆಯಲ್ಲಿ ಕಟ್ಟಿಕೊಂಡು ಸಾಕುತ್ತಿದ್ದುದರ ಗುಟ್ಟು ಅದು.

ಸೊಪ್ಪಿನ ಹಾಸಿಗೆಗೆ ಇನ್ನೊಂದು ಗುಣವೂ ಉಂಟು. ಕೊಳೆಯುವ ಸೊಪ್ಪು ಬಿಸಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖವೇ ಕಾಣದ ದಿನಗಳಲ್ಲಿ ದನಗಳಿಗೆ ಅದೇ ಕಂಬಳಿ. ಯಾವ ಹೀಟರಿನ ಹಂಗೂ ಇಲ್ಲದೆ ಕೊಟ್ಟಿಗೆಯನ್ನು ಬೆಚ್ಚಗಿಡುವ ಈ ಉಪಾಯವನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಪೇಟೆಂಟನ್ನಂತೂ ಯಾರೂ ಪಡೆದಿಲ್ಲ.

ಇಂಥ ಕೊಟ್ಟಿಗೆಯ ಪಕ್ಕದಲ್ಲೇ, ಹತ್ತು ಹೆಜ್ಜೆ ದೂರದ ಅಡುಗೆಮನೆಯಲ್ಲಿ ಕಥೆ ಬೇರೆಯಾಗಿತ್ತು. ಅನ್ನ, ಸಾರು, ದೋಸೆ, ಕಾಫಿಗೆ ಕಟ್ಟಿಗೆ. ದನಗಳ ಅಕ್ಕಚ್ಚು ಬೇಯಿಸಲು ಕಟ್ಟಿಗೆ. ಬಚ್ಚಲಿನ ಹಂಡೆಗೆ ಕಟ್ಟಿಗೆ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ಹೆಂಗಸರ ಪಾಡನ್ನು, ಕಪ್ಪು ಹಿಡಿದ ಆ ಮಾಡುಗಳೇ ಹೇಳುತ್ತವೆ. ಒಂದು ಕಡೆ ಕೊಟ್ಟಿಗೆಯಲ್ಲಿ ಬೆಂಕಿಯಾಗಬಲ್ಲ ವಸ್ತು ಗುಂಡಿಯಲ್ಲಿ ಕೊಳೆತು ಗಾಳಿಗೆ ಹೋಗುತ್ತಿದೆ. ಇನ್ನೊಂದು ಕಡೆ ಬೆಂಕಿಗಾಗಿ ಬೆಟ್ಟದ ಮರಕ್ಕೆ ಕತ್ತಿ ಬೀಳುತ್ತಿದೆ. ಈ ಎರಡನ್ನೂ ಜೋಡಿಸುವ ಸಾಧನ ಗೋಬರ್ ಗ್ಯಾಸ್ ಸ್ಥಾವರ.

ಅದು ಇಲ್ಲಿ ಹುಟ್ಟಿದ್ದಲ್ಲ. 1897ರಷ್ಟು ಹಿಂದೆಯೇ ಮುಂಬಯಿಯ ಮಾತುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲಿನ ವಸ್ತುವಿನಿಂದ ಅನಿಲ ತೆಗೆದು ಬಳಸಿದ್ದುಂಟು. ಸ್ವಾತಂತ್ರ್ಯದ ನಂತರ ಜಶ್‌ಭಾಯಿ ಪಟೇಲರು ರೂಪಿಸಿದ, ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮು ತೇಲುವ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ದೇಶದಾದ್ಯಂತ ಹರಡಿತು. ಡ್ರಮ್ಮು ನೋಡಲು ಚೆನ್ನ. ಗ್ಯಾಸು ತುಂಬಿದರೆ ಮೇಲೇಳುತ್ತದೆ, ಮುಗಿದರೆ ಕೂರುತ್ತದೆ, ಎಷ್ಟು ಉಳಿದಿದೆ ಎಂಬುದು ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಆದರೆ ಮಲೆನಾಡಿನ ಮಳೆಗೆ ಕಬ್ಬಿಣ ತುಕ್ಕು ಹಿಡಿಯುವುದು ಬೇಗ, ಬೆಲೆಯೂ ದುಬಾರಿ. 1978ರಲ್ಲಿ ಉತ್ತರ ಪ್ರದೇಶದಲ್ಲಿ ರೂಪುಗೊಂಡ ಜನತಾ ಮಾದರಿ, 1984ರಲ್ಲಿ ಬಂದ ದೀನಬಂಧು ಮಾದರಿ ಈ ತೊಂದರೆಯನ್ನು ಕಳೆದವು. ಎರಡರಲ್ಲೂ ಕಬ್ಬಿಣವಿಲ್ಲ. ನೆಲದೊಳಗೆ ಇಟ್ಟಿಗೆಯಿಂದ ಕಟ್ಟಿದ ಗುಮ್ಮಟ, ಒಂದು ಕಡೆ ಸಗಣಿ ಸುರಿಯುವ ತೊಟ್ಟಿ, ಇನ್ನೊಂದು ಕಡೆ ಸ್ಲರಿ ಹೊರಬರುವ ತೊಟ್ಟಿ, ನೆತ್ತಿಯಲ್ಲಿ ಒಂದು ಪೈಪು. ಮೇಲೆ ಮಣ್ಣು ಮುಚ್ಚಿದರೆ ಅಲ್ಲೊಂದು ಸ್ಥಾವರವಿದೆ ಎಂಬುದೇ ತಿಳಿಯದು. 1981-82ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿ ಸಹಾಯಧನ ಕೊಡತೊಡಗಿದ ಮೇಲೆ ದೇಶದಲ್ಲಿ ಲಕ್ಷಗಟ್ಟಲೆ ಸ್ಥಾವರಗಳಾದವು. ಅವುಗಳಲ್ಲಿ ಎಷ್ಟೋ ಕೆಲವೇ ವರ್ಷಗಳಲ್ಲಿ ಕೆಟ್ಟು, ಗುಂಡಿಗಳಾಗಿ ಉಳಿದದ್ದೂ ನಿಜ.

ಶಿರಸಿಯ ವಿಶೇಷವಿರುವುದು ಇಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತಾಲ್ಲೂಕಿನ ಎಂಟು ಹಳ್ಳಿಗಳಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟಿದ ಸ್ಥಾವರಗಳೆಲ್ಲವೂ ಕೆಲಸ ಮಾಡುತ್ತಿದ್ದವು. ಸ್ಥಾವರವಿದ್ದ ಮನೆಗಳಲ್ಲಿ ನೂರಕ್ಕೆ 85ರಷ್ಟು ಮನೆಗಳ ಅಡುಗೆ ಪೂರ್ತಿಯಾಗಿ ಅದರಲ್ಲೇ ನಡೆಯುತ್ತಿತ್ತು. ಸರಕಾರಿ ಸಹಾಯಧನ ಬೇರೆ ಕಡೆಯೂ ಇತ್ತು, ಇಟ್ಟಿಗೆ ಸಿಮೆಂಟೂ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು?

ಒಂದು ಕಾರಣ, ಕಟ್ಟಿದವರು. ಇಲ್ಲಿ ಸ್ಥಾವರ ಕಟ್ಟುವುದನ್ನೇ ಕಸುಬಾಗಿ ಮಾಡಿಕೊಂಡ ಸ್ಥಳೀಯರಿದ್ದರು. ಅರ್ಜಿಯಿಂದ ಹಿಡಿದು ಗುಮ್ಮಟದ ಗಾರೆಯವರೆಗೆ ಅವರದೇ ಹೊಣೆ. ಗ್ಯಾಸು ಬಾರದಿದ್ದರೆ ಬಂದು ನೋಡುವುದೂ ಅವರದೇ. ಕೆಟ್ಟ ಸ್ಥಾವರವೆಂದರೆ ಮುಂದಿನ ಊರಿನಲ್ಲಿ ಕಳೆದುಹೋದ ಗಿರಾಕಿ. ಸಂತೆಗೋ, ಸೊಸೈಟಿಗೋ ಬಂದಾಗ ಎದುರಿಗೇ ಸಿಕ್ಕಿ ಕೇಳಬಲ್ಲ ಜನರ ನಡುವೆ ಕೆಲಸ ಮಾಡುವವನು ಸಿಮೆಂಟಿನಲ್ಲಿ ಮರಳು ಹೆಚ್ಚು ಬೆರೆಸುವ ಮೊದಲು ಎರಡು ಸಲ ಯೋಚಿಸುತ್ತಾನೆ. ಗುರಿ ಮುಟ್ಟಿಸಲು ಮಾರ್ಚ್ ತಿಂಗಳಲ್ಲಿ ಅವಸರದಿಂದ ಕಟ್ಟಿಸುವ ಇಲಾಖೆಯ ಕೆಲಸಕ್ಕೂ ಇದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಕಾರಣ ಕೊಟ್ಟಿಗೆಯೇ. ಸ್ಥಾವರಕ್ಕೆ ಬೇಕಾದುದು ಸೊಪ್ಪು, ಮಣ್ಣು, ಹುಲ್ಲು ಬೆರೆಯದ ತಾಜಾ ಸಗಣಿ. ಹುಲ್ಲುಕಡ್ಡಿ ಹೋದರೆ ಒಳಗೆ ಮೇಲೆ ತೇಲಿ ಹಪ್ಪಳದಂತೆ ಗಟ್ಟಿಯಾಗಿ ಗ್ಯಾಸಿನ ದಾರಿ ತಡೆಯುತ್ತದೆ. ಮಣ್ಣು ಹೋದರೆ ತಳದಲ್ಲಿ ಕೂತು ವರ್ಷವರ್ಷಕ್ಕೆ ಗುಂಡಿ ಚಿಕ್ಕದಾಗುತ್ತದೆ. ಆದ್ದರಿಂದ ಸ್ಥಾವರ ಕಟ್ಟಿದ ಮನೆಯವರು ಕೊಟ್ಟಿಗೆಯ ನೆಲವನ್ನು ಬದಲಿಸಬೇಕಾಯಿತು. ತಗ್ಗಿನ ಮಣ್ಣು ನೆಲ ಹೋಗಿ, ಹಿಂದಕ್ಕೆ ಸ್ವಲ್ಪ ಇಳಿಜಾರಾದ ಗಾರೆ ನೆಲ ಅಥವಾ ಕಲ್ಲು ಚಪ್ಪಡಿ ಬಂತು. ದನಗಳ ಹಿಂಬದಿಗೆ ಒಂದು ಚರಂಡಿ, ಚರಂಡಿಯ ಕೊನೆಗೆ ಸಗಣಿ ಕಲಸುವ ತೊಟ್ಟಿ. ತೊಟ್ಟಿ ಕೊಟ್ಟಿಗೆಯ ನೆಲಕ್ಕಿಂತ ತಗ್ಗಿನಲ್ಲಿ, ಸ್ಥಾವರ ತೊಟ್ಟಿಗಿಂತ ತಗ್ಗಿನಲ್ಲಿ, ಸ್ಲರಿಯ ಗುಂಡಿ ಅದಕ್ಕಿಂತ ತಗ್ಗಿನಲ್ಲಿ, ತೋಟ ಎಲ್ಲಕ್ಕಿಂತ ಕೆಳಗೆ. ಮಲೆನಾಡಿನ ಇಳಿಜಾರು ಇಲ್ಲಿ ಮತ್ತೊಮ್ಮೆ ಉಪಕಾರಕ್ಕೆ ಬಂದಿತು. ಸಗಣಿ ಹೊತ್ತು ಸಾಗಿಸುವ ಕೆಲಸ ಇದ್ದಿದ್ದರೆ ಮೊದಲ ವರ್ಷದ ಉತ್ಸಾಹ ಎರಡನೆಯ ವರ್ಷಕ್ಕೆ ಉಳಿಯುತ್ತಿರಲಿಲ್ಲ. ಈಗ ಗುದ್ದಲಿಯಲ್ಲಿ ಎಳೆದರೆ ಸಾಕು.

ಬೆಳಗಿನ ಆರು ಗಂಟೆಗೆ ಇಂಥ ಮನೆಯೊಂದರ ಹಿತ್ತಿಲಿಗೆ ಹೋದರೆ ಇಡೀ ಕ್ರಿಯೆಯನ್ನು ಕಾಣಬಹುದು. ಹಾಲು ಕರೆದಾಗಿದೆ. "ತಮಾ, ಸಗಣಿ ಕಲಸಿದ್ಯಾ?" ಎಂದು ಆಯಿ ಒಳಗಿನಿಂದ ಕೂಗುತ್ತಾಳೆ. ಶಾಲೆಗೆ ಹೋಗುವ ಹುಡುಗ ಅರೆಮನಸ್ಸಿನಿಂದ ಎದ್ದುಬಂದು ತೊಟ್ಟಿಗೆ ಸಗಣಿ ಎಳೆದು, ಅಷ್ಟೇ ಪ್ರಮಾಣದ ನೀರು ಸುರಿದು, ಗಂಟಿಲ್ಲದಂತೆ ಕಲಸಿ, ಬಿರಡೆ ತೆಗೆಯುತ್ತಾನೆ. ಗಳಗಳನೆ ಸದ್ದು ಮಾಡುತ್ತ ರಾಡಿ ಒಳಗೆ ಇಳಿಯುತ್ತದೆ. ಅದೇ ಹೊತ್ತಿಗೆ ಆಚೆ ತೊಟ್ಟಿಯಿಂದ ಅಷ್ಟೇ ಸ್ಲರಿ ಹೊರಕ್ಕೆ ಉಕ್ಕುತ್ತದೆ. ಅದಕ್ಕೆ ಸಗಣಿಯ ವಾಸನೆಯಿಲ್ಲ, ನೊಣ ಮುತ್ತುವುದಿಲ್ಲ. ಒಳಗೆ ನಡೆಯುವುದಿಷ್ಟು: ಗಾಳಿಯಿಲ್ಲದ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಸಗಣಿಯನ್ನು ಹಂತಹಂತವಾಗಿ ಒಡೆದು ಕೊನೆಗೆ ಮೀಥೇನ್ ಅನಿಲವನ್ನು ಬಿಡುತ್ತವೆ. ಹೊರಬರುವ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 60ರಷ್ಟು ಮೀಥೇನ್, ಉಳಿದುದರಲ್ಲಿ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್. ಸಗಣಿಯಲ್ಲಿದ್ದ ಸಾರಜನಕ ಸ್ಲರಿಯಲ್ಲೇ ಉಳಿಯುತ್ತದೆ. ಬೆಂಕಿಯೂ ಸಿಕ್ಕಿತು, ಗೊಬ್ಬರವೂ ಉಳಿಯಿತು. ಬೆರಣಿ ತಟ್ಟಿ ಸುಟ್ಟರೆ ಈ ಎರಡನೆಯದು ಇಲ್ಲ.

ಲೆಕ್ಕ ಹಾಕಲು ಇಷ್ಟಪಡುವ ವಿದ್ಯಾರ್ಥಿಗಳು ಒಂದು ಕಾಗದ ತೆಗೆದುಕೊಳ್ಳಬಹುದು. ಒಂದು ಘನಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕು. ಐದಾರು ಜನರ ಮನೆಯ ಅಡುಗೆಗೆ ಎರಡು ಘನಮೀಟರ್ ಸ್ಥಾವರ, ಅಂದರೆ 50 ಕಿಲೋ ಸಗಣಿ. ಒಂದು ಘನಮೀಟರ್ ಗ್ಯಾಸು ಸುಮಾರು 0.45 ಕಿಲೋ ಅಡುಗೆ ಅನಿಲಕ್ಕೆ ಅಥವಾ ಮೂರೂವರೆ ಕಿಲೋ ಕಟ್ಟಿಗೆಗೆ ಸಮ. ಹಾಗಾದರೆ ಎರಡು ಘನಮೀಟರಿನಿಂದ 14.2 ಕಿಲೋದ ಒಂದು ಸಿಲಿಂಡರ್ ಹದಿನಾರು ದಿನಕ್ಕೆ ಉಳಿಯುತ್ತದೆ; ಕಟ್ಟಿಗೆಯ ಲೆಕ್ಕದಲ್ಲಾದರೆ ವರ್ಷಕ್ಕೆ ಎರಡೂವರೆ ಟನ್. ಬೆಟ್ಟದಿಂದ ಎರಡೂವರೆ ಟನ್ ಕಟ್ಟಿಗೆ ಹೊತ್ತು ತಂದವರಿಗೇ ಈ ಅಂಕಿಯ ತೂಕ ಗೊತ್ತು.

ಇನ್ನು 50 ಕಿಲೋ ಸಗಣಿಗೆ ಎಷ್ಟು ದನ ಬೇಕು? ದೊಡ್ಡ ಮಿಶ್ರತಳಿ ಹಸುವಾದರೆ ನಾಲ್ಕೈದು ಸಾಕು. ಗಿಡ್ಡ ತಳಿಯಾದರೆ ಅದರ ದೇಹವೇ ಚಿಕ್ಕದು. ಮೇಲಾಗಿ ಹಗಲೆಲ್ಲ ಬೆಟ್ಟದಲ್ಲಿ ಮೇಯುವ ದನ ಅರ್ಧ ಸಗಣಿಯನ್ನು ಅಲ್ಲೇ ಬಿಟ್ಟು ಬರುತ್ತದೆ. ಹೀಗಾಗಿ ಮೇಯಲು ಬಿಡುವ ಮನೆಗೂ ಕಟ್ಟಿ ಸಾಕುವ ಮನೆಗೂ ಗ್ಯಾಸಿನಲ್ಲಿ ವ್ಯತ್ಯಾಸ ಬೀಳುತ್ತದೆ. ಮಳೆಗಾಲದಲ್ಲಿ ದನಗಳು ಕೊಟ್ಟಿಗೆಯಲ್ಲೇ ಇರುವುದರಿಂದ ಸಗಣಿ ಹೆಚ್ಚು, ಆದರೆ ತಂಪಿಗೆ ಸೂಕ್ಷ್ಮಜೀವಿಗಳು ಜಡವಾಗುತ್ತವೆ. ಅವಕ್ಕೆ ಹಿತವಾದದ್ದು 35 ಡಿಗ್ರಿಯ ಆಸುಪಾಸು. ಇಪ್ಪತ್ತಕ್ಕಿಂತ ಕೆಳಗಿಳಿದರೆ ಕೆಲಸ ನಿಧಾನ. ಸ್ಥಾವರವನ್ನು ಮರದ ನೆರಳಿನಿಂದ ದೂರ, ಹಿತ್ತಿಲಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಕಟ್ಟಬೇಕೆನ್ನುವುದು ಇದಕ್ಕೇ. ಮರದ ಬೇರು ಗುಮ್ಮಟಕ್ಕೆ ನುಗ್ಗುವ ಭಯ ಬೇರೆ.

ಸಣ್ಣಪುಟ್ಟ ಕಾಟಗಳೂ ಇವೆ. ಪೈಪಿನಲ್ಲಿ ನೀರು ಕಟ್ಟಿದರೆ ಒಲೆಯ ನೀಲಿ ಜ್ವಾಲೆ ಗುಳುಗುಳು ಕುಣಿಯತೊಡಗುತ್ತದೆ. ತಗ್ಗಿನಲ್ಲಿಟ್ಟ ನಲ್ಲಿ ತಿರುಗಿಸಿ ನೀರು ಬಿಡಬೇಕು. ಕೊಟ್ಟಿಗೆ ತೊಳೆಯಲು ಫಿನಾಯಿಲ್ ಬಳಸಿ ಆ ನೀರನ್ನು ತೊಟ್ಟಿಗೆ ಬಿಟ್ಟರೆ ಒಳಗಿನ ಜೀವಿಗಳು ಸತ್ತು ವಾರಗಟ್ಟಲೆ ಒಲೆ ಉರಿಯದು. ಗುಮ್ಮಟ ಬಿರುಕು ಬಿಟ್ಟರೆ ಗ್ಯಾಸು ಸೋರುತ್ತದೆ. ಇದು ಮನೆಯವರಿಗಷ್ಟೇ ನಷ್ಟವಲ್ಲ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಸುಟ್ಟರೆ ಉಪಕಾರ, ಸೋರಿದರೆ ಅಪಕಾರ.

ಗಾರೆ ನೆಲದಿಂದ ದನಗಳಿಗೆ ಒಳ್ಳೆಯದೇ ಆಯಿತೆಂದು ಹೇಳುವಂತಿಲ್ಲ. ಸೊಪ್ಪಿನ ಮೇಲೆ ಮಲಗುತ್ತಿದ್ದ ಹಸುವಿಗೆ ತಣ್ಣನೆಯ ಗಟ್ಟಿ ನೆಲ ಸಿಕ್ಕಿತು; ಜಾರಿ ಬಿದ್ದು ಕಾಲು ಉಳುಕಿಸಿಕೊಳ್ಳುವುದು, ಮೊಣಕಾಲು ತರಚುವುದು ಹೊಸ ಸಮಸ್ಯೆಗಳು. ನೆಲಕ್ಕೆ ಗೀರು ಹಾಕಿದರು, ಅನುಕೂಲವಿದ್ದವರು ರಬ್ಬರ್ ಹಾಸು ತಂದರು. ತೋಟದ ಗೊಬ್ಬರದ ಚಿಂತೆ ಇನ್ನೂ ದೊಡ್ಡದು. ಸೊಪ್ಪು ಕೊಟ್ಟಿಗೆಗೇ ಬಾರದಿದ್ದರೆ ಅಡಿಕೆ ಮರದ ಬುಡಕ್ಕೆ ಏನು ಹಾಕುವುದು? ಇದಕ್ಕೆ ತೋಟಿಗರು ಕಂಡುಕೊಂಡ ಉತ್ತರ ಸರಳವಾಗಿದೆ. ದರಕನ್ನು ಗುಂಡಿಗೆ ತುಂಬಿ ಅದರ ಮೇಲೆ ಸ್ಲರಿ ಹರಿಸಿದರು. ದನ ತುಳಿಯಬೇಕಾದ ಕೆಲಸವನ್ನು ಸ್ಲರಿಯೇ ಮಾಡಿತು. ಹಸಿ ಸೊಪ್ಪಿಗಾಗಿ ಮರದ ಟೊಂಗೆ ಸವರುವುದೂ ಅಷ್ಟರಮಟ್ಟಿಗೆ ತಪ್ಪಿತು.

ಎಲ್ಲ ಬೆಂಕಿಯೂ ಕೊಟ್ಟಿಗೆಯಿಂದ ಬರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸುಗ್ಗಿಯಲ್ಲಿ ಹಸಿ ಅಡಿಕೆ ಬೇಯಿಸುವ ದೊಡ್ಡ ಹಂಡೆಗಳಿಗೆ ಎರಡು ಘನಮೀಟರ್ ಗ್ಯಾಸು ಯಾವ ಮೂಲೆಗೆ? ಅಲ್ಲಿ ಕಟ್ಟಿಗೆಯೇ ಗತಿ. ಬಚ್ಚಲಿನ ಹಂಡೆಯದೂ ಹಾಗೆಯೇ, ಸೌರ ಹೀಟರ್ ಇದ್ದರೂ ಮಳೆಗಾಲದ ನಾಲ್ಕು ತಿಂಗಳು ಅದು ಮಾಡಿನ ಮೇಲಿನ ಅಲಂಕಾರ.

ಇಲ್ಲಿ ಒಂದು ಮಾತನ್ನು ಬಯಲುಸೀಮೆಯ ಅನುಭವದೊಂದಿಗೆ ಹೋಲಿಸಿ ನೋಡುವುದು ಉಚಿತ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿ ಒಂದು ಕಾಲಕ್ಕೆ ದೇಶವಿದೇಶದ ತಜ್ಞರ ಯಾತ್ರಾಸ್ಥಳವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಅಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ವ್ಯವಸ್ಥೆಯನ್ನು ಮಾಡಿತು. ಮೊದಲಿನ ಆಲೋಚನೆ ಅಡುಗೆಗೆ ಗ್ಯಾಸು ಕೊಡುವುದು. ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲ ಮನೆಗಳ ಅಡುಗೆಗೆ ಸಾಲದೆಂದು ಅನುಭವದಿಂದ ತಿಳಿಯಿತು. ಆಗ ದಾರಿ ಬದಲಿಸಿ, 1987ರಿಂದ ಗ್ಯಾಸಿನಿಂದ ಎಂಜಿನ್ ಓಡಿಸಿ ವಿದ್ಯುತ್ ತೆಗೆದು, ಕೊಳವೆಬಾವಿಯಿಂದ ನಲ್ಲಿನೀರು, ಮನೆಗಳಿಗೆ ಟ್ಯೂಬ್‌ಲೈಟ್ ಕೊಟ್ಟರು. ನೀರು ಹೊರುವ ಹೆಂಗಸರಿಗೆ ಇದರ ಲಾಭ ತಕ್ಷಣ ಕಂಡಿತು, ಸಗಣಿ ಬರತೊಡಗಿತು. ತಂದ ಸಗಣಿಗೆ ತೂಕ ಮಾಡಿ ಹಣ, ಹಿಂದಕ್ಕೆ ಗೊಬ್ಬರ. ಸ್ಥಾವರ ನಡೆಸಿದವರು ಊರಿನ ಹುಡುಗರೇ. ಹಲವು ವರ್ಷ ಚೆನ್ನಾಗಿ ನಡೆದ ಆ ಪ್ರಯೋಗ 1990ರ ದಶಕ ಮುಗಿಯುವ ಹೊತ್ತಿಗೆ ನಿಂತುಹೋಗಿತ್ತು. ಶಿರಸಿಯಲ್ಲಿ ಸಗಣಿಯೂ ನನ್ನದು, ಒಲೆಯೂ ನನ್ನದು. ಪುರದಲ್ಲಿ ಹಾಗಲ್ಲ, ದಿನವೂ ಊರು ಒಟ್ಟಾಗಿ ಉಳಿಯಬೇಕಿತ್ತು. ಅದು ಎಂಜಿನ್ ಓಡಿಸುವುದಕ್ಕಿಂತ ಕಷ್ಟದ ಕೆಲಸ. ಆದರೆ ದನವಿಲ್ಲದ ಕೂಲಿಯವನ ಮನೆಗೂ ದೀಪ ಕೊಟ್ಟದ್ದು ಪುರವೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಶಿರಸಿಯ ಯಶಸ್ಸು ದನವೂ ಜಾಗವೂ ಇರುವ ತೋಟಿಗರ ಯಶಸ್ಸು.

ಮತ್ತೆ ಕೊಟ್ಟಿಗೆಗೆ ಬರೋಣ. ಶಕ್ತಿ ತಯಾರಿಸುವಷ್ಟೇ ಮುಖ್ಯ, ಬೇಡದ ಶಕ್ತಿಯನ್ನು ಬಳಸದಿರುವುದು. ಹಳೆಯ ಕೊಟ್ಟಿಗೆಗಳಲ್ಲಿ ಮಂಗಳೂರು ಹೆಂಚಿನ ನಡುವೆ ಅಲ್ಲಲ್ಲಿ ಗಾಜಿನ ಹೆಂಚು ಕಾಣುತ್ತದೆ. ಹಗಲಲ್ಲಿ ಬಲ್ಬು ಬೇಡ. ಹೆಂಚುಗಳ ಸಂದಿನಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಹಾಲು ಕೊಡುವ ಒಂದು ದೊಡ್ಡ ಹಸು ತನ್ನ ಮೈಯಿಂದ ಹೊರಸೂಸುವ ಶಾಖ ಹೆಚ್ಚುಕಡಿಮೆ ಒಂದು ವಿದ್ಯುತ್ ಇಸ್ತ್ರಿಪೆಟ್ಟಿಗೆಯಷ್ಟು. ನಾಲ್ಕು ಹಸು ಎಂದರೆ ನಾಲ್ಕು ಇಸ್ತ್ರಿಪೆಟ್ಟಿಗೆ ಹಗಲಿರುಳೂ ಉರಿದಂತೆ! ಈ ಶಾಖ ಹೊರಹೋಗಲು ಮಾಡಿನ ನೆತ್ತಿಯಲ್ಲಿ ದಾರಿ ಬೇಕು. ಹೊಸದಾಗಿ ಕಟ್ಟುವವರು ತಗ್ಗಾದ ತಗಡಿನ ಮಾಡು ಹಾಕಿ, ಸುತ್ತ ಗೋಡೆ ಎಬ್ಬಿಸಿ, ಆಮೇಲೆ ಸೆಕೆಯೆಂದು ಎರಡು ಫ್ಯಾನು ತಂದು ತೂಗುಹಾಕುತ್ತಾರೆ. ಫ್ಯಾನಿನ ಬಿಲ್ಲು ಕಟ್ಟಬೇಕಾದದ್ದು ಹಸುವಿನ ತಪ್ಪಿಗಲ್ಲ, ಮಾಡಿನ ತಪ್ಪಿಗೆ. ಹೊಲ್‌ಸ್ಟೈನ್ ಮಿಶ್ರತಳಿಯ ಹಸು ಸೆಕೆ ಏರಿದಂತೆ ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಗಿಡ್ಡಕ್ಕೆ ಆ ಗೋಜಿಲ್ಲ. ಮಾಡನ್ನು ಎತ್ತರಿಸುವುದು, ತಗಡಿಗೆ ಬಿಳಿ ಬಳಿಯುವುದು ಅಥವಾ ಮೇಲೆ ಸೋಗೆ ಹೊದಿಸುವುದು, ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ಮರ ಬೆಳೆಸುವುದು, ಇವೆಲ್ಲ ಕರೆಂಟು ಬೇಡದ ಉಪಾಯಗಳು.

ನಸುಕಿನ ಹಾಲು ಕರೆಯುವ ಹೊತ್ತಿಗೆ ಕರೆಂಟು ಕೈಕೊಡುವುದು ಮಲೆನಾಡಿಗೆ ಹೊಸತಲ್ಲ. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ವಾರ ಕತ್ತಲು. ಹಿಂದೆ ಲಾಟೀನು, ಆಮೇಲೆ ಸೌರದೀಪ. 40 ವಾಟಿನ ಹಳೆಯ ಬಲ್ಬಿನ ಕೆಲಸವನ್ನು ಐದು ವಾಟಿನ ಎಲ್‌ಇಡಿ ಮಾಡುವುದರಿಂದ ಚಿಕ್ಕ ಫಲಕವೇ ಸಾಕಾಗುತ್ತದೆ. ಸೌರವಿದ್ಯುತ್ತಿನಿಂದ ನಡೆಯುವ ಹಾಲು ಕರೆಯುವ ಯಂತ್ರಗಳೂ ಬಂದಿವೆ. ಮಳೆಗಾಲದಲ್ಲಿ ಸೂರ್ಯ ಮುನಿದರೆ ಹಳ್ಳ ತುಂಬಿರುತ್ತದೆ. ಮನೆಯ ಹಿಂದಿನ ಝರಿಗೆ ಪೈಪು ಹಾಕಿ ಪುಟ್ಟ ಟರ್ಬೈನು ತಿರುಗಿಸಿ ಮನೆಗೂ ಕೊಟ್ಟಿಗೆಗೂ ಬೆಳಕು ಮಾಡಿಕೊಂಡವರು ಪಶ್ಚಿಮಘಟ್ಟದ ಉದ್ದಕ್ಕೂ ಸಿಗುತ್ತಾರೆ.

ಹಾಲಿನ ಮಾತು ಬಂದಾಗ ಇನ್ನೊಂದು ಲೆಕ್ಕ. ಕೆಚ್ಚಲಿನಿಂದ ಬರುವಾಗ ಹಾಲು ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಸಂಘದ ಶೀತಲೀಕರಣ ಘಟಕದಲ್ಲಿ ಅದನ್ನು 4 ಡಿಗ್ರಿಗೆ ಇಳಿಸಬೇಕು. ಇಳಿಸಬೇಕಾದದ್ದು 33 ಡಿಗ್ರಿ. ಮನೆಯಿಂದ ಹೊರಡುವ ಮೊದಲು ಹಾಲಿನ ಕ್ಯಾನನ್ನು ಅಬ್ಬಿ ನೀರಿನ ಕಲ್ಲುಮರಿಗೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ 25 ಡಿಗ್ರಿಗೆ ತಂದರೆ ಹನ್ನೆರಡು ಡಿಗ್ರಿ ಪುಕ್ಕಟೆಯಾಗಿ ಇಳಿಯಿತು, ಅಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಚಳಿಯ ದೇಶವಾದ ಡೆನ್ಮಾರ್ಕಿನಲ್ಲಿ ಹಾಲು ತಣಿಸುವಾಗ ಹೊರಬೀಳುವ ಶಾಖವನ್ನೇ ಹಿಡಿದು ಮನೆ ಬೆಚ್ಚಗಿಡಲು, ನೀರು ಕಾಯಿಸಲು ಬಳಸುವ ರೈತರಿದ್ದಾರೆ. ಮಲೆನಾಡಿನಲ್ಲಿ ಕಲ್ಲುಮರಿಗೆಯೇ ಸಾಕು.

ಇಷ್ಟೆಲ್ಲ ಇದ್ದೂ ಶಿರಸಿಯ ಕೊಟ್ಟಿಗೆಗಳಲ್ಲಿ ಇಂದು ಕಾಣುವ ಒಂದು ದೃಶ್ಯ ಮನಸ್ಸಿಗೆ ಹಿತವಾಗುವುದಿಲ್ಲ. ಹತ್ತು ಕಣ್ಣಿಗಳಿರುವ ಸಾಲಿನಲ್ಲಿ ಎರಡೇ ದನ. ಮಕ್ಕಳು ಓದಿ ಬೆಂಗಳೂರಿಗೆ ಹೋದರು. ಮನೆಯಲ್ಲಿ ಉಳಿದ ಎಪ್ಪತ್ತರ ಪ್ರಾಯದ ದಂಪತಿಗಳಿಗೆ ಹುಲ್ಲು ಹೊರುವುದು, ಸಗಣಿ ತೆಗೆಯುವುದು ಆಗದು, ಆಳು ಸಿಗುವುದಿಲ್ಲ. 2019ರ ಜಾನುವಾರು ಗಣತಿ ದೇಶದ ಮಟ್ಟದಲ್ಲೂ ಇದನ್ನೇ ಹೇಳುತ್ತದೆ: 2012ಕ್ಕೆ ಹೋಲಿಸಿದರೆ ನಾಟಿ ದನಗಳು ನೂರಕ್ಕೆ 6ರಷ್ಟು ಇಳಿದವು, ವಿದೇಶಿ ಮತ್ತು ಮಿಶ್ರತಳಿಗಳು ಸುಮಾರು 27ರಷ್ಟು ಏರಿದವು. ಮಲೆನಾಡು ಗಿಡ್ಡಕ್ಕೆ ಅಧಿಕೃತ ತಳಿಯೆಂಬ ಮನ್ನಣೆ 2012ರಲ್ಲಿ ದೊರೆತದ್ದು, ಅದು ಕೊಟ್ಟಿಗೆಯಿಂದ ಕಣ್ಮರೆಯಾಗುತ್ತಿದ್ದ ಹೊತ್ತಿಗೆ. ದನ ಎರಡಕ್ಕಿಳಿದರೆ ಗ್ಯಾಸು ಬೆಳಗಿನ ಕಾಫಿ ತಿಂಡಿಗೆ ಸಾಕು, ಮಧ್ಯಾಹ್ನಕ್ಕೆ ಸಿಲಿಂಡರ್. ಒಂದಕ್ಕಿಳಿದರೆ ದಿನವೂ ಕಲಸುವ ಉತ್ಸಾಹ ಇರುವುದಿಲ್ಲ. ಕೊನೆಯ ಹಸುವನ್ನು ಕೊಟ್ಟ ತಿಂಗಳೊಪ್ಪತ್ತಿನಲ್ಲಿ, ಎರಡು ಮೂರು ದಶಕ ಒಂದು ದಿನವೂ ತಪ್ಪದೆ ಉರಿದ ಒಲೆ ಆರುತ್ತದೆ. ಸ್ಥಾವರ ಕೆಟ್ಟದ್ದಲ್ಲ, ಅದಕ್ಕೆ ಊಟ ಹಾಕುವವರಿಲ್ಲ.

ಇದನ್ನು ಮುಂಚೆಯೇ ಕಂಡವರೂ ಇದ್ದರು. ಸಗಣಿಯ ಬದಲು ಉದುರಿದ ಎಲೆ, ಕಳೆ, ತರಕಾರಿ ಸಿಪ್ಪೆಗಳನ್ನೇ ತಿಂದು ಗ್ಯಾಸು ಕೊಡುವ ಸ್ಥಾವರವನ್ನು 'ಅಸ್ತ್ರ'ದ ವಿಜ್ಞಾನಿಗಳು ರೂಪಿಸಿದ್ದಾರೆ. ಎಲೆ ತೇಲುವ ಸ್ವಭಾವದ್ದಾದ್ದರಿಂದ ಅದಕ್ಕೆ ಗುಮ್ಮಟದ ಮಾದರಿ ಒಗ್ಗದು; ಒಂದು ತುದಿಯಿಂದ ತುಂಬಿ ಇನ್ನೊಂದು ತುದಿಯಿಂದ ತೆಗೆಯುವ ಉದ್ದನೆಯ ತೊಟ್ಟಿ ಬೇಕು. ದರಕಿಗೆ ಬರವಿಲ್ಲದ ಸೊಪ್ಪಿನ ಬೆಟ್ಟದ ಊರುಗಳಿಗೆ ಹೇಳಿಮಾಡಿಸಿದಂಥ ಉಪಾಯ. ಆದರೆ ದರಕು ಗುಡಿಸಿ ತರುವವರು ಯಾರು ಎಂಬ ಪ್ರಶ್ನೆ ಅಲ್ಲೂ ಕಾದಿದೆ. ಇನ್ನೊಂದು ಕಡೆ, ಊರಿಗೆ ಮರಳಿ ಹತ್ತು ಹನ್ನೆರಡು ಹಸುಗಳ ಡೇರಿ ಮಾಡುವ ತರುಣರೂ ಅಲ್ಲಲ್ಲಿ ಕಾಣಸಿಗುತ್ತಾರೆ. ಅಂಥವರ ಕೊಟ್ಟಿಗೆಯಲ್ಲಿ ಸಗಣಿ ಒಂದು ಮನೆಯ ಒಲೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಪಕ್ಕದ ಮನೆಯ ಆರಿದ ಸ್ಥಾವರಕ್ಕೆ ಅದರಲ್ಲಿ ಎರಡು ಬುಟ್ಟಿ ಹೋದರೆ ಆಗದೆ? ಆಗ ಪುರದ ಹಳೆಯ ಲೆಕ್ಕ, ಸಗಣಿಗೆ ತೂಕ, ತೂಕಕ್ಕೆ ಬೆಲೆ, ಮತ್ತೆ ನೆನಪಿಗೆ ಬರುತ್ತದೆ.

ಶಿರಸಿಯ ಕೊಟ್ಟಿಗೆಗಳನ್ನು ನೋಡಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಜನವರಿ. ಮಳೆ ನಿಂತಿರುತ್ತದೆ, ಅಡಿಕೆ ಕೊಯ್ಲಿನ ಗಡಿಬಿಡಿಯನ್ನೂ ಕಾಣಬಹುದು. ಹುಬ್ಬಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಕರಾವಳಿಯಿಂದ ಬರುವವರಿಗೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದರೆ ಹತ್ತಿರ. ಬನವಾಸಿ, ಸಹಸ್ರಲಿಂಗಗಳ ಪ್ರವಾಸಕ್ಕೆ ಹೊರಟ ಶಾಲೆಯವರು ಒಂದು ಬೆಳಗನ್ನು ಹಳ್ಳಿಯಲ್ಲಿ ಕಳೆಯಬಹುದು. ಮನೆಯವರನ್ನು ಕೇಳಿಯೇ ಒಳಗೆ ಹೋಗಬೇಕು. ಗಿಡ್ಡ ದನಗಳಿಗೆ ಅಪರಿಚಿತರ ಗುಂಪು ಆಗಿಬರುವುದಿಲ್ಲ. ಸ್ಥಾವರದ ಬಳಿ ಬೆಂಕಿಕಡ್ಡಿ ಗೀರಬಾರದು, ತೊಟ್ಟಿಯ ಅಂಚಿನಲ್ಲಿ ನೂಕಾಡಬಾರದು. ಆರು ಗಂಟೆಗೆ ಹೋದರೆ ಸಗಣಿ ಕಲಸುವುದನ್ನು ನೋಡಬಹುದು. ಏಳಕ್ಕೆ ಹೋದರೆ ಅದೇ ಗ್ಯಾಸಿನಲ್ಲಿ ಕಾಯಿಸಿದ ಕಷಾಯ ಸಿಗುತ್ತದೆ.